ಮುಂದಿನ ಕೋಣೆಯ ಫೋನು

ತಿಪಟೂರು
9 ಜೂನ್ 2025

ಮಹಮೂದಾಳಿಗೆ ಆಶೀರ್ವಾದಗಳು.

ಮಗು ಹೇಗಿದೆ? ತರನ್ನುಮ್ ಎಂದು ಹೆಸರಿಟ್ಟಿದ್ದೀಯ ಎಂದು ಸುಷ್ಮಿತಾ ಹೇಳಿದಳು. ಚೆನ್ನಾಗಿದೆ.

ಮನೆಯಿಂದಲೇ ಕೆಲಸ ಮಾಡುತ್ತೇನೆಂಬ ನಿನ್ನ ಕೋರಿಕೆಯನ್ನು ಸಮಿತಿಯ ಮುಂದಿಟ್ಟೆ. ಸದಾಶಿವಯ್ಯನವರು ಸುಲಭಕ್ಕೆ ಬಗ್ಗಲಿಲ್ಲ. "ಅಲ್ಲ ಕಣಮ್ಮ, ಆಂಬುಲೆನ್ಸಿಗೆ ಫೋನ್ ಮಾಡೋರು ಜೀವ ಕೈಲಿಟ್ಕೊಂಡು ಮಾಡ್ತಾರೆ. ಈವಮ್ಮ ತುರುವೇಕೆರೇಲಿ ಒಂದ್ ಕೈಲಿ ಸೌಟು, ಒಂದ್ ಕೈಲಿ ಫೋನು ಹಿಡ್ಕೊಂಡು ಗಾಡಿ ಕಳಿಸ್ತಾಳಾ?" ಎಂದರು. ನಾನು ನಿನ್ನ ಪರ ನಿಂತೆ. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ನರ್ಸುಗಳನ್ನು ಪಳಗಿಸಿದವಳು ನಾನು. ಗಾಬರಿಯಾದವರ ಜೊತೆ ಗಾಬರಿಯಾಗದೆ ಮಾತಾಡುವವರು ಎಷ್ಟು ಅಪರೂಪ ಎಂದು ಗೊತ್ತು. ನಿನ್ನನ್ನು ಕಳೆದುಕೊಳ್ಳುವ ಮನಸ್ಸಿಲ್ಲ. ಕೊನೆಗೆ ಒಪ್ಪಿದರು, ಸದ್ಯಕ್ಕೆ.

ಜ್ಞಾನೇಶ ಬಂದು ಕಂಪ್ಯೂಟರ್ ಜೋಡಿಸಿಕೊಡುತ್ತಾನೆ. ಬರುವ ಕರೆಗಳು ಸರದಿಯಂತೆ ಒಂದು ಇಲ್ಲಿ ಆಫೀಸಿನ ಮುಂದಿನ ಕೋಣೆಯಲ್ಲಿ ಕೂರುವ ಸುಷ್ಮಿತಾಳಿಗೆ, ಒಂದು ನಿನಗೆ. ಒಬ್ಬರು ಎತ್ತದಿದ್ದರೆ ತಾನಾಗಿಯೇ ಇನ್ನೊಬ್ಬರಿಗೆ ಹೋಗುತ್ತದೆ. ನಿನಗೆ ಮಾತ್ರ ಇನ್ನೊಂದಿದೆ. ಕಾಲು ಗಂಟೆಗೊಮ್ಮೆ ಪರದೆಯ ಮೇಲೆ ಹಸಿರು ಗುಂಡಿ ಮೂಡುತ್ತದೆ, ಅದನ್ನು ಒತ್ತಬೇಕು. ನೀನು ಕುರ್ಚಿಯಲ್ಲಿದ್ದೀಯ ಎಂದು ನಮಗೆ ತಿಳಿಯಲು, ಅಷ್ಟೇ. ಸುಷ್ಮಿತಾ ನಮ್ಮ ಕಣ್ಣೆದುರಿಗೇ ಇರುವುದರಿಂದ ಅವಳಿಗೆ ಇದು ಬೇಕಿಲ್ಲ.

ಸೇವೆಯ ಫೋನಿನಲ್ಲಿ ನಮ್ಮ ನಮ್ಮ ಮಾತು ಆಡಕೂಡದು. ಹೇಳುವುದಿದ್ದರೆ ಕಾಗದ ಬರೆದು ನಮ್ಮ ಎರಡನೇ ಗಾಡಿ ಓಡಿಸುವ ಹುಚ್ಚಣ್ಣನ ಕೈಲಿ ಕೊಡು. ವಾಟ್ಸಾಪಿನಲ್ಲಿ ಬರೆದರೆ ಜನ ಓದದೆಯೇ ಹೆಬ್ಬೆರಳು ತೋರಿಸುತ್ತಾರೆ.

ಗಿರಿಜಾಂಬಿಕಾ


ತುರುವೇಕೆರೆ
24 ಜೂನ್ 2025

ಪ್ರೀತಿಯ ಅಮ್ಮನವರಿಗೆ ಮಹಮೂದಾ ಮಾಡುವ ನಮಸ್ಕಾರಗಳು.

ಕೆಲಸ ಶುರುವಾಗಿದೆ. ಒಳಕೋಣೆಯ ಕಿಟಕಿ ಪಕ್ಕ ಮೇಜು ಹಾಕಿಕೊಂಡಿದ್ದೇನೆ. ನನ್ನ ಪಾಳಿಯ ಹೊತ್ತಿನಲ್ಲಿ ಆ ಕೋಣೆಗೆ ಯಾರೂ ಬರುವಂತಿಲ್ಲ ಎಂದು ಬಿಲಾಲ್ ಬಾಗಿಲಿಗೆ ಪರದೆ ಕಟ್ಟಿದ್ದಾರೆ. ತರನ್ನುಮ್‌ಳನ್ನು ಅತ್ತೆ ನೋಡಿಕೊಳ್ಳುತ್ತಾರೆ. ಹಾಲು ಕುಡಿಸುವಾಗ ಮಾತ್ರ ನನ್ನ ಮಡಿಲಿಗೆ ತಂದು ಕೊಡುತ್ತಾರೆ, ಆಗಲೂ ಹೆಡ್‌ಫೋನ್ ತೆಗೆಯುವುದಿಲ್ಲ.

ಮೊನ್ನೆ ಕರೆ ಮಾಡಿದ ಒಬ್ಬ ಅಜ್ಜಿಗೆ ತಾನಿರುವ ತೋಟ ಯಾವ ಊರಿನದೆಂದೇ ಹೇಳಲು ಬರಲಿಲ್ಲ. "ಎಲ್ಲಾ ಕಡೆ ತೆಂಗಿನ್ಮರ ಕಣವ್ವ, ಏನಂತ ಹೇಳ್ಲಿ?" ಎಂದು ಅತ್ತರು. ಕೆರೆ ಯಾವ ಕಡೆ, ಬಸ್ಸಿನ ಸದ್ದು ಯಾವ ಕಡೆ ಎಂದು ಕೇಳಿ ಕೇಳಿ ಗಾಡಿ ಮುಟ್ಟಿಸಿದೆ. ತಿಪಟೂರಿನ ಕೋಣೆಯ ಗದ್ದಲದಲ್ಲಿ ಕೂತಿದ್ದರೆ ಇಷ್ಟು ಕೇಳಿಸಿಕೊಳ್ಳುತ್ತಿದ್ದೆನೋ ಇಲ್ಲವೋ.

ಒಂದು ಸಂದೇಹ. ಗುಂಡಿ ಒತ್ತಬೇಕಾದರೆ ಮಾತಾಡುತ್ತಿರುವವರ ಕರೆಯನ್ನು ತಡೆಹಿಡಿದು ಬೇರೆ ಪುಟಕ್ಕೆ ಹೋಗಬೇಕು. ಆ ಕಡೆಯವರಿಗೆ ಲೈನು ಕಡಿದುಹೋದಂತೆ ಆಗುತ್ತದೆ. ಜೀವ ಹೋಗುವಂಥ ಕರೆಯ ನಡುವೆ ಗುಂಡಿ ಮೂಡಿದರೆ ಏನು ಮಾಡಲಿ?

ನಿಮ್ಮ ಯಜಮಾನರು ಶಂಭುಲಿಂಗಯ್ಯನವರಿಗೆ ನನ್ನ ಸಲಾಮ್ ಹೇಳಿ. ಅವರು ತೋಟದಿಂದ ತರುತ್ತಿದ್ದ ಎಳನೀರನ್ನು ನೆನೆಸಿಕೊಳ್ಳುತ್ತೇನೆ.

ಮಹಮೂದಾ


ತಿಪಟೂರು
17 ಜುಲೈ 2025

ಮಹಮೂದಾಳಿಗೆ,

ಹುಳಿಯಾರಿನ ಕಡೆಯವರೊಬ್ಬರು ದೂರು ಕೊಟ್ಟಿದ್ದಾರೆ. ಅಪ್ಪನಿಗೆ ಲಕ್ವ ಹೊಡೆದಿದೆ ಎಂದು ಫೋನ್ ಮಾಡಿದಾಗ ಆ ಕಡೆಯಿಂದ ಮಗು ಅಳುವುದು ಕೇಳಿಸಿತಂತೆ. ಗಾಡಿ ಬೇಗ ಬಂತು ಎಂದೂ ಅವರೇ ಹೇಳಿದರು, ಆದರೆ ಸದಾಶಿವಯ್ಯನವರು ಹಿಡಿದುಕೊಂಡದ್ದು ಮಗುವಿನ ಅಳುವನ್ನು. "ನಾಳೆ ಕುಕ್ಕರ್ ಕೂಗುತ್ತೆ ನೋಡ್ತಾ ಇರಿ" ಎಂದರು.

ಈ ತಿಂಗಳು ಕೆಲವು ಸಲ ಗುಂಡಿ ತಪ್ಪಿದೆ. ಕಾರಣ ನೀನು ಹೇಳಬಹುದು, ನಾನೂ ಒಪ್ಪಬಹುದು. ಆದರೆ ಸಮಿತಿಗೆ ಕಾಣುವುದು ತಪ್ಪಿದ್ದು ಮಾತ್ರ. ನೀನು ನನ್ನ ಕಣ್ಣಿಗೆ ಕಾಣುವಂತಿದ್ದರೆ ನಾನು ಹೀಗೆ ಬರೆಯುತ್ತಿರಲಿಲ್ಲ. ದೂರದಲ್ಲಿದ್ದೀಯ. ಜಾಗರೂಕಳಾಗಿರು.

ಗಿರಿಜಾಂಬಿಕಾ


ತುರುವೇಕೆರೆ
19 ಜುಲೈ 2025

ಅಮ್ಮನವರಿಗೆ ನಮಸ್ಕಾರ.

ಅಳುವ ಹೊತ್ತಿಗೆ ಮಗುವನ್ನು ಎತ್ತಿಕೊಂಡು ಹೊರಗೆ ಹೋಗುವಂತೆ ಅತ್ತೆಗೆ ಹೇಳಿದ್ದೇನೆ. ಇನ್ನು ಕೇಳಿಸುವುದಿಲ್ಲ.

ಗುಂಡಿಯ ವಿಷಯ ಜೂನಿನಲ್ಲೇ ಕೇಳಿದ್ದೆ. ನೀವು ಉತ್ತರ ಬರೆಯಲಿಲ್ಲ. ತಪ್ಪಿದ್ದೆಲ್ಲ ಕರೆಗಳ ನಡುವೆ ತಪ್ಪಿದ್ದು.

ಇನ್ನೊಂದು ಮಾತು. ಹುಚ್ಚಣ್ಣ ಈಗೀಗ ದಿನಾ ನೀರು ಕೇಳುವ ನೆಪದಲ್ಲಿ ಬಂದು ಪರದೆ ಸರಿಸಿ ನೋಡಿ ಹೋಗುತ್ತಾನೆ. ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬರುವುದಿಲ್ಲ. ನಿನ್ನೆ ನಾನೇ ಕೇಳಿದೆ. "ನಂಗ್ಯಾಕವ್ವ ಈ ಕೆಲ್ಸ, ಅಮ್ಮಾವ್ರು ನೋಡ್ಕೊಂಡು ಬಾ ಅಂದ್ರು" ಎಂದು ತಲೆ ತಗ್ಗಿಸಿದ. ಅಮ್ಮಾ, ನೀವೇ ಒಂದು ದಿನ ಬನ್ನಿ. ಹೇಳದೇ ಬನ್ನಿ. ನಾನು ಎಲ್ಲಿರುತ್ತೇನೆ ಎಂದು ನೋಡಿ. ಚಹಾ ಮಾತ್ರ ಪಾಳಿ ಮುಗಿದ ಮೇಲೆ ಕೊಡುತ್ತೇನೆ.

ಮಹಮೂದಾ


ತುರುವೇಕೆರೆ
19 ಆಗಸ್ಟ್ 2025, ಮಧ್ಯಾಹ್ನ

ಅಮ್ಮಾ,

ಈ ಕಾಗದವನ್ನು ಸಂಜೆಗೆ ಕಾಯದೆ ಈಗಲೇ ಬರೆಯುತ್ತಿದ್ದೇನೆ. ಸಂತೋಷ ತಡೆಯಲಾಗುತ್ತಿಲ್ಲ.

ಬೋರನಕಣಿವೆಯ ಆಚೆ ಒಂದು ತೋಟದ ಮನೆಯಿಂದ ಕರೆ ಬಂತು. ತುಂಬು ಗರ್ಭಿಣಿ, ನೋವು ಶುರುವಾಗಿದೆ, ಮನೆಯಲ್ಲಿ ನಾದಿನಿ ಬಿಟ್ಟರೆ ಇನ್ನೊಬ್ಬರಿಲ್ಲ. ಹುಚ್ಚಣ್ಣನನ್ನು ಕಳಿಸಿದೆ. ಆದರೆ ಮಳೆಗೆ ತೋಟದ ದಾರಿ ಕೆಸರಾಗಿ ಗಾಡಿ ಹೂತುಹೋಯಿತು. ಮಗು ಕಾಯಲಿಲ್ಲ. ಆ ನಾದಿನಿ ಚಿಕ್ಕ ವಯಸ್ಸಿನವಳು, "ಅಯ್ಯೋ ತಲೆ ಕಾಣ್ತೈತೆ ಕಣಕ್ಕ, ನಂಗೇನೂ ಬರಾಕಿಲ್ಲ, ಫೋನ್ ಇಡ್ಬ್ಯಾಡ ಕಣಕ್ಕ" ಎಂದು ಕಿರುಚುತ್ತಿದ್ದಳು. ನೀವು ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನೆಲ್ಲ ಒಂದೊಂದಾಗಿ ಅವಳಿಗೆ ಹೇಳುತ್ತ ಹೋದೆ. ಮಗು ಹೊರಗೆ ಬಂತು. ಅಳಲಿಲ್ಲ. ಆ ಕಡೆ ಏನೂ ಸದ್ದಿಲ್ಲ. "ಒಣಬಟ್ಟೆಯಲ್ಲಿ ಬೆನ್ನು ಉಜ್ಜು, ಗಟ್ಟಿಯಾಗಿ ಉಜ್ಜು, ನಿಲ್ಲಿಸಬೇಡ" ಎಂದು ಕೂಗಿದೆ. ಆಮೇಲೆ ಅಳು ಕೇಳಿಸಿತು ಅಮ್ಮಾ. ಈ ಕಡೆ ನಾನೂ ಅತ್ತುಬಿಟ್ಟೆ. ಹುಚ್ಚಣ್ಣ ಕಡೆಗೆ ಟ್ರ್ಯಾಕ್ಟರಿನಿಂದ ಗಾಡಿ ಎಳೆಸಿಕೊಂಡು ಹೋಗಿ ತಾಯಿ, ಮಗು ಇಬ್ಬರನ್ನೂ ಆಸ್ಪತ್ರೆಗೆ ಸೇರಿಸಿ, ನನ್ನ ಮೊಬೈಲಿಗೆ ತಿಳಿಸಿದ.

ಅಷ್ಟು ಹೊತ್ತೂ ಗುಂಡಿ ಒತ್ತಲಿಲ್ಲ. ಅವಳು ಫೋನ್ ಇಡಬೇಡ ಎಂದಿದ್ದಳು, ಹೇಗೆ ತಡೆಹಿಡಿಯಲಿ? ಆಮೇಲೆ ಒತ್ತಿದೆ. ಗೈರುಹಾಜರಿ ಹಾಕುವುದಿದ್ದರೆ ಹಾಕಿ, ಇವತ್ತಿನದಕ್ಕೆ ನನಗೆ ಬೇಸರವಿಲ್ಲ.

ಆ ಕರೆಯ ನಂತರ ಒಂದು ಫೋನೂ ಬಂದಿಲ್ಲ. ಇವತ್ತಿಗೆ ಇಷ್ಟು ಸಾಕು ಎಂದು ದೇವರೇ ಬಿಡುವು ಕೊಟ್ಟಂತಿದೆ. ಹೊರಗೆ ಮಳೆ ನಿಂತಿದೆ. ಇಷ್ಟು ನಿಶ್ಶಬ್ದವಾದ ಮಧ್ಯಾಹ್ನವನ್ನು ಈ ಕುರ್ಚಿಯಲ್ಲಿ ನಾನು ಕಂಡಿರಲಿಲ್ಲ.

ನಿಮ್ಮ ಮಹಮೂದಾ


ತಿಪಟೂರು
22 ಆಗಸ್ಟ್ 2025

ಮಹಮೂದಾ,

ಮಂಗಳವಾರ ಮಧ್ಯಾಹ್ನ ಅರಳಗುಪ್ಪೆಯ ನಮ್ಮ ತೋಟದಲ್ಲಿ ನನ್ನ ಯಜಮಾನರಿಗೆ ಎದೆನೋವು ಬಂತು. ಹತ್ತಿರದಲ್ಲಿ ಯಾರೂ ಇರಲಿಲ್ಲ. ನಮ್ಮ ಸೇವೆಗೆ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. ಮತ್ತೆಯೂ ಎತ್ತಲಿಲ್ಲ. ಅಣ್ಣಯ್ಯ ಕಾಯಿ ಸುಲಿಯಲು ಬಂದವನು ನೋಡಿದಾಗ ಕಾಯಿರಾಶಿಯ ಪಕ್ಕ ಬಿದ್ದಿದ್ದರು. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದ. ಆಸ್ಪತ್ರೆ ಬಾಗಿಲಿಗೆ ಬರುವಾಗ ಜೀವ ಇರಲಿಲ್ಲ.

ಇನ್ನೊಂದಿಷ್ಟು ಮುಂಚೆ ತಂದಿದ್ದರೆ ಎಂದು ಡಾಕ್ಟರು ಮಾತು ಅರ್ಧಕ್ಕೆ ನಿಲ್ಲಿಸಿದರು.

ನಿನ್ನ ಕಾಗದ ಅದೇ ಸಂಜೆ ಬಂತು. ಅವರನ್ನು ಕೂರಿಸಿ ಹೂವು ಹಾಕಿದ್ದರು, ಪಕ್ಕದಲ್ಲೇ ಕೂತು ಓದಿದೆ. ನಿಶ್ಶಬ್ದವಾದ ಮಧ್ಯಾಹ್ನ ಎಂದು ಬರೆದಿದ್ದೀಯ.

ನೀನು ಎಲ್ಲಿದ್ದೆ?

ಗಿರಿಜಾಂಬಿಕಾ


ತುರುವೇಕೆರೆ
23 ಆಗಸ್ಟ್ 2025

ಅಮ್ಮಾ,

ನಿಮ್ಮ ಕಾಗದ ಓದಿ ಬಿಲಾಲ್‌ರನ್ನು ಕೂಗಿದೆ. ಓಡಿ ಬಂದು ಕಾಗದ ಕಿತ್ತುಕೊಂಡು ಓದಿದರು. ಅಯ್ಯನವರು ಹೋದರು ಎಂಬುದೇ ನನಗೆ ಗೊತ್ತಿರಲಿಲ್ಲ. ಮಂಗಳವಾರ ಸಂಜೆ ನನ್ನ ಕಂಪ್ಯೂಟರಿನ ಲೈನು ಸತ್ತುಹೋಯಿತು. ಯಾರೂ ಏನೂ ಹೇಳಲಿಲ್ಲ. ರಿಪೇರಿ ಇರಬೇಕು ಎಂದುಕೊಂಡು ಬುಧವಾರ, ಗುರುವಾರ, ಶುಕ್ರವಾರ ಖಾಲಿ ಪರದೆಯ ಮುಂದೆ ಕೂತಿದ್ದೆ.

"ಕೂಗಿ ಕೂಗಿ ಗಂಟ್ಲು ಒಣಗಿರ್ತದೆ, ಕುಡೀರಮ್ಮ" ಎಂದು ಎಳನೀರು ಕೆತ್ತಿ ಕೈಗೆ ಕೊಡುತ್ತಿದ್ದವರು. ಅವರು ಕೂಗಿದಾಗ ನಾನು ಕೇಳಿಸಿಕೊಳ್ಳಲಿಲ್ಲವೇ?

ನೀವು ಕೇಳಿದ್ದಕ್ಕೆ ಉತ್ತರ: ನಾನು ಕುರ್ಚಿಯಲ್ಲಿದ್ದೆ. ಹೆಡ್‌ಫೋನ್ ಕಿವಿಯಲ್ಲಿತ್ತು. ನಿಮಗೆ ಕಾಗದ ಬರೆಯುತ್ತಿದ್ದೆ. ನನ್ನ ಮಗುವಿನ ಮೇಲೆ ಕೈಯಿಟ್ಟು ಹೇಳುತ್ತೇನೆ, ಫೋನು ಬರಲಿಲ್ಲ. ಒಂದು ಸಲವೂ ಬರಲಿಲ್ಲ.

ಆ ಹೊತ್ತಿನಲ್ಲಿ ಸುಷ್ಮಿತಾ ಎಲ್ಲಿದ್ದಳು ಅಮ್ಮಾ? ತಪ್ಪು ಹೊರಿಸಲು ಕೇಳುತ್ತಿಲ್ಲ. ನನಗೆ ಅರ್ಥವಾಗುತ್ತಿಲ್ಲ.

ಮಹಮೂದಾ


ತುರುವೇಕೆರೆ
26 ಆಗಸ್ಟ್ 2025

ಒದಗು ಆಂಬುಲೆನ್ಸ್ ಸೇವೆಯ ಅಧ್ಯಕ್ಷರಿಗೆ,

ನನ್ನ ಕಾಗದಕ್ಕೆ ಉತ್ತರ ಬಂದಿಲ್ಲ. ಮನೆಯಲ್ಲಿ ಸಾವಾಗಿದೆ, ಅರ್ಥ ಮಾಡಿಕೊಳ್ಳುತ್ತೇನೆ. ಆದರೆ ನನಗೆ ಬಾರದ ಉತ್ತರ ಊರಿಗೆಲ್ಲ ಬಂದಿದೆ. ಬಿಲಾಲ್‌ರ ಗ್ಯಾರೇಜಿನಲ್ಲಿ ರಿಪೇರಿಗೆ ಬಿಟ್ಟಿದ್ದ ಟ್ರ್ಯಾಕ್ಟರನ್ನು ಕಾಡಸಿದ್ದಪ್ಪನವರು ಅರ್ಧ ಬಿಚ್ಚಿದ್ದನ್ನೇ ಎಳೆಸಿಕೊಂಡು ಹೋದರು. "ಫೋನ್ ಎತ್ದೆ ಮನುಷ್ಯನ್ನ ಸಾಯ್ಸಿದ್ಲಂತಲ್ಲಪ್ಪ ನಿನ್ ಹೆಂಡ್ರು. ಬುಡು, ನಂಗೆ ನಿನ್ ಸಾವಾಸ ಬ್ಯಾಡ" ಎಂದರಂತೆ. ಬಿಲಾಲ್ ನನಗೆ ಹೇಳಿರಲಿಲ್ಲ. ಪಕ್ಕದ ಅಂಗಡಿಯವರು ಹೇಳಿದರು.

ಅದಕ್ಕಿಂತ ದೊಡ್ಡದನ್ನು ಹೇಳುತ್ತೇನೆ. ನಿನ್ನೆ ಬಿಲಾಲ್‌ರನ್ನು ಹೊರಗೆ ನಿಲ್ಲಿಸಿ, ನನ್ನ ಮೊಬೈಲಿಗೆ ಫೋನ್ ಮಾಡಿ ಎಂದು ಹೇಳಿ, ಒಳಗೆ ಅದೇ ಕುರ್ಚಿಯಲ್ಲಿ ಕೂತೆ. ನನಗೆ ಕಿವಿ ಕೇಳಿಸುತ್ತದೆಯೇ ಎಂದು ನೋಡಲು. ಕೇಳಿಸಿತು. ಆದರೂ ನಂಬಿಕೆ ಬರಲಿಲ್ಲ. ಅವತ್ತು ಬರೆಯುತ್ತಾ ಬರೆಯುತ್ತಾ ತೂಕಡಿಸಿದೆನೇ? ಫೋನು ಕೂಗುತ್ತಿದ್ದಾಗ ನಾನು ಅದನ್ನು ಕನಸು ಎಂದುಕೊಂಡೆನೇ? ಎಲ್ಲರೂ ಹೇಳುವಾಗ ನನ್ನ ಕಿವಿಯನ್ನು ನಾನು ಒಬ್ಬಳೇ ಎಷ್ಟು ದಿನ ನಂಬಿಕೊಂಡಿರಲಿ?

ಕೆಲಸ ಬಿಡುತ್ತಿದ್ದೇನೆ. ಕಂಪ್ಯೂಟರನ್ನು ಹುಚ್ಚಣ್ಣನ ಕೈಲಿ ಕಳಿಸಿದ್ದೇನೆ.

ಮಹಮೂದಾ


ತಿಪಟೂರು
30 ಆಗಸ್ಟ್ 2025

ಮಹಮೂದಾ,

ಇದನ್ನು ಓದುವ ಮುಂಚೆ ಬಿಲಾಲನನ್ನು ಪಕ್ಕದಲ್ಲಿ ಕೂರಿಸಿಕೋ. ನಿನ್ನ ಕಿವಿಗೆ ಏನೂ ಆಗಿಲ್ಲ. ನೀನು ತೂಕಡಿಸಲಿಲ್ಲ. ಆ ಫೋನು ನಿನಗೆ ಬರಲೇ ಇಲ್ಲ.

ಗುಂಡಿಯ ಬಗ್ಗೆ ನಿನಗೆ ಅರ್ಧ ಮಾತ್ರ ಹೇಳಿದ್ದೆ. ಅದು ತುಂಬ ಹೊತ್ತು ತಪ್ಪಿದರೆ ನಿನ್ನ ಲೈನಿಗೆ ಬೀಗ ಬೀಳುವಂತೆ ಜ್ಞಾನೇಶನಿಗೆ ಹೇಳಿ ಮಾಡಿಸಿದ್ದೆ. ಬಿದ್ದ ಮೇಲೆ ಯಾವ ಕರೆಯೂ ನಿನಗೆ ಬರುವುದಿಲ್ಲ, ಎಲ್ಲ ಇಲ್ಲಿಗೇ. ನೀನು ಎಷ್ಟು ಒತ್ತಿದರೂ ತೆರೆಯುವುದಿಲ್ಲ, ನಾನು ನನ್ನ ಮೊಬೈಲಿನಲ್ಲಿ ಒಪ್ಪಿಗೆ ಕೊಡಬೇಕು. ನಿನ್ನ ಪರದೆಯ ಮೇಲೆ ಏನೂ ತೋರಬಾರದು ಎಂದವಳೂ ನಾನೇ. ನೀನು ಎದ್ದು ಹೋಗಿ, ಬಂದು ಕೂತು, ಇಲ್ಲೇ ಇದ್ದೆ ಎಂದರೆ ಹಿಡಿಯಲು. ಬೋರನಕಣಿವೆಯ ಹೆರಿಗೆಯ ನಡುವೆ ಆ ಬೀಗ ಬಿತ್ತು. ಸಂಜೆ ನಿನ್ನ ಲೈನನ್ನು ಪೂರ್ತಿ ಕಡಿಸಿದ್ದು ಸಮಿತಿ.

ಇದು ಗೊತ್ತಾದದ್ದು ಮೊನ್ನೆ ಗುರುವಾರ. ನಿನ್ನ ಮೇಲೆ ಸಾಕ್ಷಿ ಬೇಕೆಂದು ನಾನೇ ಜ್ಞಾನೇಶನನ್ನು ಕರೆಸಿದ್ದೆ. ಅವನು ಎಲ್ಲ ನೋಡಿ, "ಮೇಡಂ, ಅವತ್ತು ನೀವು ಬೀಗ ತೆಗೀಲೇ ಇಲ್ವಲ್ರೀ" ಎಂದ. ನನಗೆ ಅರ್ಥವಾಗಲಿಲ್ಲ. ಮತ್ತೊಮ್ಮೆ ಹೇಳಿಸಿದೆ. ಅರ್ಥವಾಯಿತು.

ಸುಷ್ಮಿತಾ ಎಲ್ಲಿದ್ದಳು ಎಂದು ಕೇಳಿದೆ. ನನ್ನ ಪಕ್ಕದಲ್ಲಿದ್ದಳು. ಆಫೀಸಿನ ಹಿಂದಿನ ಹಾಲಿನಲ್ಲಿ ಸಭೆ ನಡೆಯುತ್ತಿತ್ತು. ಸಭೆಯ ವಿಷಯ, ಮನೆಯಲ್ಲಿ ಕೂತು ಕೆಲಸ ಮಾಡುವವರನ್ನು ನಂಬಬಹುದೇ ಎಂಬುದು. ಜೊತೆಗೆ ಕೆಲಸ ಮಾಡುವವಳ ಮಾತೂ ಕೇಳೋಣ ಎಂದು ಅವಳನ್ನೂ ಕರೆಸಿದ್ದೆವು. ನನ್ನ ಮೊಬೈಲಿನ ಸದ್ದು ನಿಲ್ಲಿಸಿ ಚೀಲದಲ್ಲಿ ಹಾಕಿದ್ದೆ. ಸದಾಶಿವಯ್ಯನವರು ನಿನ್ನ ವಿರುದ್ಧ ಮಾತಾಡುತ್ತಿದ್ದಾಗ ಮುಂದಿನ ಕೋಣೆಯಲ್ಲಿ ಫೋನು ಕೂಗಿತು. ಸುಷ್ಮಿತಾ ಎದ್ದಳು. ನಾನು ಅವಳ ಕೈ ಹಿಡಿದು ಕೂರಿಸಿದೆ. "ಕೂತ್ಕೊಳೇ, ಇಲ್ಲಿ ಎತ್ತದಿದ್ರೆ ಮಹಮೂದಾ ಎತ್ತಾಳೆ" ಎಂದೆ. ಫೋನು ನಿಂತಿತು. ನಾನು ಸದಾಶಿವಯ್ಯನವರ ಕಡೆ ತಿರುಗಿ, "ನೋಡಿದ್ರಾ? ಎತ್ತಿದ್ಲು" ಎಂದೆ.

ಮತ್ತೆ ಕೂಗಿತು. ನಿಂತಿತು. "ಎತ್ತಿದ್ಲು" ಎಂದು ಮತ್ತೆ ಹೇಳಿದೆ. ಹೆಮ್ಮೆಯಿಂದ ಹೇಳಿದೆ ಮಹಮೂದಾ. ಆ ಗಳಿಗೆಯಲ್ಲಿ ನಾನು ನಿನ್ನನ್ನು ಪೂರ್ತಿ ನಂಬಿದ್ದೆ. ನಾನು ಹಾಕಿಸಿದ ಬೀಗ ನಂಬಿರಲಿಲ್ಲ.

ಇನ್ನೂ ಒಂದಿದೆ. ಸುಷ್ಮಿತಾಗೂ ಹೇಳಿಲ್ಲ, ನಿನಗೂ ಹೋದ ಕಾಗದದಲ್ಲಿ ಮುಚ್ಚಿಟ್ಟೆ. ನಮ್ಮ ಯಜಮಾನರು ಮೊದಲು ಸೇವೆಗೆ ಫೋನ್ ಮಾಡಲಿಲ್ಲ. ನನಗೆ ಮಾಡಿದ್ದರು. ಸಭೆ ಮುಗಿದು ಚೀಲದಿಂದ ಮೊಬೈಲು ತೆಗೆದಾಗ ಪರದೆಯ ಮೇಲೆ ಅವರ ಹೆಸರಿತ್ತು. ಅದರ ಕೆಳಗೆ, 'ತುರುವೇಕೆರೆ ಲೈನಿಗೆ ಬೀಗ ಬಿದ್ದಿದೆ, ತೆರೆಯಬೇಕೇ?' ಎಂದಿತ್ತು. ಅವರಿಗೆ ಮರಳಿ ಫೋನ್ ಮಾಡಿದೆ. ಅಣ್ಣಯ್ಯ ಎತ್ತಿದ. ಕೆಳಗಿನ ಸಾಲನ್ನು ಓದಿದ್ದೆ, ಆಮೇಲೆ ಮರೆತೆ. ಮರೆತೆ ಎಂದು ಬರೆಯುವುದು ಸುಲಭ. ನೆನಪಾಗದಿರಲಿ ಎಂದು ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆನೋ ಏನೋ.

ನಿನ್ನೆ ಅವರ ಹನ್ನೊಂದನೆಯ ದಿನದ ಶಿವಗಣಾರಾಧನೆ. ನೆಂಟರು, ಮಠದವರು, ಮಂಡಿಯವರು ಎಲ್ಲ ಬಂದಿದ್ದರು. ಊಟಕ್ಕೆ ಮುಂಚೆ ಸದಾಶಿವಯ್ಯನವರು ಎದ್ದು, "ಇನ್ಮೇಲೆ ಮನೆಯಿಂದ ಕೆಲ್ಸ ಅನ್ನೋದು ನಮ್ಮಲ್ಲಿ ಇರಲ್ಲ. ಅಯ್ಯನವರ ಜೀವ ತಗೊಂಡಿದ್ದು ಅದೇ" ಎಂದರು. ಎಲ್ಲರೂ ತಲೆಯಾಡಿಸಿದರು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಎದ್ದೆ. "ಫೋನು ನಮ್ಮ ಮುಂದಿನ ಕೋಣೆಯಲ್ಲೇ ಕೂಗ್ತು. ನಾನು ಕೇಳಿಸ್ಕೊಂಡೆ. ಎತ್ತೋಕೆ ಎದ್ದೋಳ್ನ ನಾನೇ ಕೂರಿಸ್ದೆ. ಆ ಹುಡುಗಿಗೆ ಹೋಗೋ ದಾರಿಗೆ ಬೀಗ ಹಾಕ್ಸಿದ್ದೂ ನಾನೇ" ಎಂದೆ. ನಮ್ಮ ನಾದಿನಿ ಎಲೆ ಬಿಟ್ಟು ಎದ್ದು ಹೋದರು. ಇನ್ನೂ ಮಾತಾಡಿಲ್ಲ, ಆಡುವುದೂ ಇಲ್ಲ ಎನಿಸುತ್ತದೆ.

ನಿನ್ನನ್ನು ಕ್ಷಮೆ ಕೇಳಲು ನನಗೆ ಬಾಯಿಲ್ಲ. ಕಂಪ್ಯೂಟರು ಇಲ್ಲಿದೆ. ಬೇಕಾದರೆ ತರಿಸಿಕೋ, ಬೇಡವಾದರೆ ಬೇಡ.

ಗಿರಿಜಾಂಬಿಕಾ


ತುರುವೇಕೆರೆ
22 ಸೆಪ್ಟೆಂಬರ್ 2025

ಅಮ್ಮಾ,

ಇಷ್ಟು ದಿನ ಬರೆಯಲಿಲ್ಲ. ಬರೆದದ್ದನ್ನೆಲ್ಲ ಹರಿದೆ. ನಿಮ್ಮ ಕಾಗದ ಓದಿದ ದಿನ ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಏಳು ದಿನ ನಾನು ಒಬ್ಬ ಮನುಷ್ಯನನ್ನು ಕೊಂದವಳು ಎಂದುಕೊಂಡು ನನ್ನ ಮಗುವಿಗೆ ಹಾಲು ಕುಡಿಸಿದ್ದೇನೆ. ಆ ಸಿಟ್ಟು ಪೂರ್ತಿ ಹೋಗಿಲ್ಲ. ಹೋಗಿದೆ ಎಂದು ಸುಳ್ಳು ಬರೆಯಲಾರೆ.

ಕಾಡಸಿದ್ದಪ್ಪನವರು ಟ್ರ್ಯಾಕ್ಟರನ್ನು ತಿರುಗಿ ತಂದರು. ಬಿಲಾಲ್ ಅದನ್ನು ಒಳಗೆ ನಿಲ್ಲಿಸಿಕೊಂಡರು. ಬಿಚ್ಚಿದ್ದನ್ನು ಜೋಡಿಸುತ್ತಿದ್ದಾರೆ.

ಸುಷ್ಮಿತಾ ಬಂದಿದ್ದಳು. ಸಮಿತಿಯಲ್ಲಿ ನೀವು ಜಗಳವಾಡಿ ಗುಂಡಿ, ಬೀಗ ಎರಡನ್ನೂ ತೆಗೆಸಿದ್ದನ್ನು, ಈಗ ಪ್ರತಿ ಕರೆ ಎರಡೂ ಕಡೆ ಒಟ್ಟಿಗೇ ಕೂಗುವುದನ್ನು ಹೇಳಿದಳು. ಅವಳ ಮುಖ ನೋಡಲಾಗಲಿಲ್ಲ. "ಅಮ್ಮ ಕೈ ಹಿಡಿದ್ರೂ ನಾನು ಕೊಡವಿಕೊಂಡು ಹೋಗ್ಬೇಕಿತ್ತು ಕಣೇ" ಎಂದು ಅದನ್ನೇ ಹೇಳುತ್ತಿದ್ದಳು. ಅವಳನ್ನು ಒಮ್ಮೆ ಮಾತಾಡಿಸಿ. ನೀವೇ ಮಾತಾಡಿಸಿ.

ಮತ್ತೆ ಈ ಕೆಲಸ ಬೇಡ ಎಂದು ಬಿಲಾಲ್ ಹೇಳಿದರು. ಅತ್ತೆ, "ಫೋನು ಮಾಡೋರು ಏನ್ ತಪ್ಪು ಮಾಡವ್ರೆ?" ಎಂದರು. ಹುಚ್ಚಣ್ಣನ ಕೈಲಿ ಕಂಪ್ಯೂಟರ್ ತರಿಸಿಕೊಂಡೆ. ಇವತ್ತು ಬೆಳಿಗ್ಗೆ ಕುರ್ಚಿಯಲ್ಲಿ ಕೂತೆ. ಹೆಡ್‌ಫೋನ್ ಹಾಕಿಕೊಳ್ಳುವಾಗ ಕೈ ಹಿಂದೆ ಬಂತು. ಹಾಕಿಕೊಂಡೆ.

ಮೊದಲ ಕರೆ ನಿಮ್ಮ ಮನೆಯಿಂದ ಬಂತು. ಸುಷ್ಮಿತಾಗಿಂತ ಮುಂಚೆ ನಾನು ಎತ್ತಿದೆ. "ಒದಗು ಸೇವೆ, ಹೇಳಿ, ಎಲ್ಲಿಂದ ಮಾತಾಡ್ತಿದೀರಿ?" ಎಂದೆ. ಆ ಕಡೆ ಯಾರೂ ಮಾತಾಡಲಿಲ್ಲ. ಉಸಿರು ಕೇಳಿಸುತ್ತಿತ್ತು. ನೀವೇ ಎಂದು ಗೊತ್ತಾಯಿತು. "ಇದೀನಿ, ಹೇಳಿ" ಎಂದೆ. ನೀವು ಇಡುವವರೆಗೂ ನಾನು ಇಡಲಿಲ್ಲ.

ನಾನು ಇದ್ದೇನೆಯೇ ಎಂದು ನೋಡಲು ಮಾಡಿದಿರೋ, ಯಾರಾದರೂ ಎತ್ತುವುದನ್ನು ಕೇಳಬೇಕು ಎನಿಸಿತೋ, ನಾನು ಕೇಳುವುದಿಲ್ಲ. ಮತ್ತೆ ಮಾಡಬೇಕು ಎನಿಸಿದರೆ ಮಾಡಿ. ಎತ್ತುತ್ತೇನೆ. ಆದರೆ ಬೇರೆ ಕರೆ ಬಂದರೆ ನಿಮ್ಮದನ್ನು ಇಟ್ಟುಬಿಡುತ್ತೇನೆ.

ಮಹಮೂದಾ